ಆಟದಿಂದ ಎತ್ತಿಟ್ಟ ಹುಡುಗ: ಮಗಳಿಗೊಂದು ಪತ್ರ

ಹಾಸನ
23 ಆಗಸ್ಟ್ 2025

ಪ್ರೀತಿಯ ಪುಟ್ಟಿ,

ಗೌರಿ ಹಬ್ಬಕ್ಕೆ ಇನ್ನು ಮೂರೇ ದಿನ. ಅಟ್ಟದಿಂದ ಪಾತ್ರೆ ಇಳಿಸುವ ಕೆಲಸ ಬಿಟ್ಟು ಕಾಗದ ಬರೆಯಲು ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅತ್ತರೆ ನನಗೂ ಗಂಟಲು ಕಟ್ಟುತ್ತದೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಕಳೆದ ಭಾನುವಾರ ಹಾಗೇ ಆಯ್ತು ಅಲ್ವಾ?

ಕೆಲಸಕ್ಕೆ ಸೇರಿ ಒಂಬತ್ತು ತಿಂಗಳಾಗಿದೆ. ಈಗ ಪ್ರಾಜೆಕ್ಟಿನಿಂದ ತೆಗೆದು, ಎರಡು ತಿಂಗಳು ಸೀನಿಯರ್ ಪಕ್ಕ ಕೂತು ಕಲಿ ಎಂದಿದ್ದಾರೆ. "ಅಮ್ಮಾ, ನನ್ನನ್ನು ಮೂಲೆಗೆ ಹಾಕಿದರು" ಅಂದೆ. ಅವತ್ತಿನಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಆ ಬೇಸ್‌ಬಾಲ್ ಹುಡುಗ. ನಗಬೇಡ.

ಜೂನ್‌ನಲ್ಲಿ ನಾವು ವ್ಯಾಂಕೂವರಿಗೆ ಬಂದಾಗ ಬೇಸ್‌ಬಾಲ್ ತೋರಿಸಲು ನ್ಯಾಟ್ ಬೇಲಿ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗಿದ್ದೆಯಲ್ಲ. 1951ರ ಹಳೇ ಮೈದಾನ, ಪಕ್ಕದಲ್ಲೇ ಕ್ವೀನ್ ಎಲಿಜಬೆತ್ ಪಾರ್ಕಿನ ಮರಗಳು. ಮೂರಡಿ ಉದ್ದದ ಹಾಟ್ ಡಾಗ್ ಹೊತ್ತುಕೊಂಡು ಹೋಗುತ್ತಿದ್ದವರನ್ನು ನೋಡಿ ನಿಮ್ಮಪ್ಪ, "ಇದನ್ನು ಮೊಳದ ಲೆಕ್ಕದಲ್ಲಿ ಮಾರ್ತಾರಾ?" ಅಂದರು. ಸುಶಿ ವೇಷದವರು ಮೈದಾನದಲ್ಲಿ ಓಟದ ಪಂದ್ಯ ಶುರು ಮಾಡಿದಾಗ ಅದೂ ಆಟದ ಒಂದು ನಿಯಮ ಅಂದುಕೊಂಡು ಗಂಭೀರವಾಗಿ ನೋಡಿದರು. ನಾವಿಬ್ಬರೂ ಬರೀ ಆಲೂ ಫ್ರೈಸ್ ತಿಂದು ಬಂದೆವು.

ಆಗ ನೀನೇ ತೋರಿಸಿದ್ದು. "ಅಲ್ಲಿ ನೋಡಿ, ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತಿದ್ದಾನಲ್ಲ, ಶಾರ್ಟ್‌ಸ್ಟಾಪ್, ಅವನೇ ಅರ್ಜುನ್ ನಿಮ್ಮಲ. ಅಪ್ಪ ಅಮ್ಮ ಇಂಡಿಯಾದವರು." ಹತ್ತೊಂಬತ್ತು ವರ್ಷದ ಹುಡುಗ. ನನ್ನ ಕಣ್ಣಿಗೆ ಪಿಯುಸಿ ಪರೀಕ್ಷೆ ಬರೆದು ಬಂದವನ ಹಾಗೆ ಕಂಡ.

ಊರಿಗೆ ವಾಪಸ್ ಬಂದ ಮೇಲೆ ನಿಮ್ಮಪ್ಪ ಅವನ ಕಥೆಯನ್ನೆಲ್ಲ ಓದಿ ನನಗೂ ಓದಿಸಿದರು. ಹುಟ್ಟಿದ್ದು 2005ರ ಅಕ್ಟೋಬರ್‌ನಲ್ಲಿ, ಫ್ಲೋರಿಡಾದ ಟ್ಯಾಂಪಾ ಕಡೆ. ಓದಿದ ಶಾಲೆ ಡೋವರ್ ಎಂಬ ಊರಿನ ಸ್ಟ್ರಾಬೆರಿ ಕ್ರೆಸ್ಟ್ ಹೈಸ್ಕೂಲು. ಸುತ್ತಮುತ್ತ ಸ್ಟ್ರಾಬೆರಿ ಹೊಲಗಳಂತೆ, ಹೆಸರು ಎಷ್ಟು ಚೆಂದ ಅಲ್ವಾ! ಅಲ್ಲಿ ದೊಡ್ಡ ಲೀಗಿನ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ, 2023ರ ಜುಲೈನಲ್ಲಿ ಟೊರೊಂಟೊ ಬ್ಲೂ ಜೇಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ, 20ನೇ ಆಯ್ಕೆಯಾಗಿ ತೆಗೆದುಕೊಂಡಿತು. ಆಗವನಿಗೆ ಹದಿನೇಳು. ಸಹಿ ಹಾಕಿದ್ದಕ್ಕೆ ಸುಮಾರು 30 ಲಕ್ಷ ಡಾಲರ್. ಇಷ್ಟು ಓದಿದಾಗ ನನಗೂ, ಸರಿ, ಇನ್ನೇನು ಬೇಕು ಅನ್ನಿಸಿತ್ತು.

ಮುಂದಿನ ವರ್ಷದ್ದೇ ಕಥೆ. 2024ರಲ್ಲಿ ಅವನನ್ನು ಫ್ಲೋರಿಡಾದ ಡನೀಡನ್ ತಂಡಕ್ಕೆ ಹಾಕಿದರು. ಮನೆಯಿಂದ ಹೆಚ್ಚು ದೂರವೇನಿಲ್ಲ. ದೊಡ್ಡ ಲೀಗಿಗೆ ಹತ್ತುವ ಏಣಿಯಲ್ಲಿ ಅದು ಕೆಳಗಿನ ಮೆಟ್ಟಿಲು. ಅದನ್ನು ಸಿಂಗಲ್-ಎ ಅನ್ನುತ್ತಾರೆ. ಆಮೇಲೆ ಹೈ-ಎ, ಡಬಲ್-ಎ, ಟ್ರಿಪಲ್-ಎ, ಕೊನೆಗೆ ಟೊರೊಂಟೊ. ಕೆಳಗಿನ ಮೆಟ್ಟಿಲಲ್ಲೇ ಹುಡುಗ ಎಡವಿದ. ಎದುರಿಗೆ ಚೆಂಡೆಸೆಯುವವರು ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಹೈಸ್ಕೂಲಿನಲ್ಲಿ ಸಿಕ್ಕಿದ್ದನ್ನೆಲ್ಲ ಬಾರಿಸಿದ ಕೈ ಇಲ್ಲಿ ಗಾಳಿಯಲ್ಲೇ ಬೀಸಿತು. ಮೇ ತಿಂಗಳು ಬಂದರೂ ಬ್ಯಾಟಿಂಗ್ ಸರಾಸರಿ 0.200 ಮುಟ್ಟಲಿಲ್ಲ, ಅಂದರೆ ಐದು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಕೂಡ ಇಲ್ಲದ ಲೆಕ್ಕ.

ಆಗ ತಂಡದವರು ಅವನನ್ನು 'ಡೆವಲಪ್‌ಮೆಂಟ್ ಲಿಸ್ಟ್'ಗೆ ಹಾಕಿದರು. ಗಾಯ ಆಗಿಲ್ಲ, ತಪ್ಪು ಮಾಡಿಲ್ಲ, ತಂಡದಿಂದ ಹೊರಗೂ ಹಾಕಿಲ್ಲ. ಪಂದ್ಯದಿಂದ ಎತ್ತಿ ಪಕ್ಕಕ್ಕೆ ಕೂರಿಸಿ, ಬ್ಯಾಟ್ ಬೀಸುವುದನ್ನು ತಿದ್ದುವುದು. ಕೆಲವು ವಾರ ಅದೇ ಕೆಲಸ. ಜೊತೆಯವರು ಸಂಜೆ ಮೈದಾನಕ್ಕಿಳಿಯುವಾಗ ಇವನು ಏನು ಮಾಡುತ್ತಿದ್ದನೋ, ಅವರಮ್ಮ ಫೋನಿನಲ್ಲಿ ಏನು ಹೇಳಿದರೋ. ಅದನ್ನು ಯಾರೂ ಬರೆಯುವುದಿಲ್ಲ ನೋಡು. ವಾಪಸ್ ಬಂದವನು ಚೆನ್ನಾಗಿಯೇ ಬಾರಿಸಿದ. ಆ ವರ್ಷ ಮುಗಿಯುವ ಹೊತ್ತಿಗೆ ಹದಿನೈದಕ್ಕೂ ಜಾಸ್ತಿ ಹೋಂ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಅದಕ್ಕೇ ಈ ವರ್ಷ ನಿಮ್ಮೂರಿನ ಹೈ-ಎ ತಂಡಕ್ಕೆ ಹತ್ತಿಸಿದ್ದು.

ಈಗ ನನ್ನ ವಿಷಯ. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ. 1988ರಲ್ಲಿ ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿದ್ದಾಗ ಒಂದೇ ತಿಂಗಳಲ್ಲಿ ಎರಡು ಸಲ ಸಂಜೆ ಟ್ಯಾಲಿ ಆಗಲಿಲ್ಲ. ಎರಡು ಸಲವೂ ಕೈಯಿಂದ ಕಟ್ಟಿದೆ. ಮೂರನೇ ದಿನ ನನ್ನನ್ನು ಕೌಂಟರಿನಿಂದ ತೆಗೆದು ಒಳಗೆ ಲೆಡ್ಜರ್ ಬರೆಯಲು ಕೂರಿಸಿದರು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕೆಲಸ ಬಿಡುತ್ತೇನೆ ಎಂದು ನಿನ್ನ ಅಜ್ಜನಿಗೆ ಕಾಗದವನ್ನೂ ಬರೆದೆ, ಪೋಸ್ಟ್ ಮಾಡಲಿಲ್ಲ.

ನಮ್ಮ ಹೆಡ್ ಕ್ಯಾಷಿಯರ್ ಕಡಿಮೆ ಮಾತಿನ ಮನುಷ್ಯ. ಒಂದು ಸಂಜೆ ಬಾಗಿಲು ಹಾಕಿದ ಮೇಲೆ ಹರಿದ ನೋಟುಗಳ ಕಟ್ಟೊಂದನ್ನು ಮುಂದಿಟ್ಟು ಎಣಿಸಮ್ಮ ಎಂದರು. ಎಣಿಸುವಾಗ ಬೇಕೆಂದೇ ಏನೋ ಕೇಳಿದರು. ನಾನು ತಲೆ ಎತ್ತಿ ಉತ್ತರ ಕೊಟ್ಟೆ. "ಅಷ್ಟೇ ನಿನ್ನ ತಪ್ಪು. ಯಾರು ಮಾತಾಡಿಸಿದರೂ ತಲೆ ಎತ್ತುತ್ತೀಯ" ಅಂದರು. ಎರಡು ತಿಂಗಳು ದಿನಾ ಸಂಜೆ ಅದೇ ಅಭ್ಯಾಸ. ಅವರು ಮಾತಾಡಿಸುವುದು, ನಾನು ತಲೆ ತಗ್ಗಿಸಿಯೇ ಎಣಿಸುವುದು. ನಾನು ಎಣಿಸುವಾಗ ನಿನಗೆ ಉತ್ತರ ಕೊಡುವುದಿಲ್ಲ ಎಂದು ಚಿಕ್ಕವಳಿದ್ದಾಗ ಸಿಟ್ಟಾಗುತ್ತಿದ್ದೆಯಲ್ಲ, ಅದರ ಮೂಲ ಇದು.

ಹಾಗಾಗಿ ನಾನು ಕೇಳುವುದು ಒಂದೇ. ನಿನ್ನಲ್ಲಿ ಏನು ತಿದ್ದಬೇಕು ಅಂತ ಅವರು ಬಿಡಿಸಿ ಹೇಳಿದ್ದಾರಾ? ದಿನಾ ಯಾರಾದರೂ ನಿನ್ನ ಜೊತೆ ಕೂರುತ್ತಾರಾ? ಹೌದು ಅಂದರೆ ಎರಡು ತಿಂಗಳು ಹಲ್ಲು ಕಚ್ಚಿ ಕೂತು ಕಲಿ. ಹೆಸರಿಗೆ ಕಲಿಕೆ, ನಿಜಕ್ಕೆ ಒಂದು ಕುರ್ಚಿ ಕೊಟ್ಟು ಮರೆತುಬಿಟ್ಟಿದ್ದಾರೆ ಅನ್ನುವಂತಿದ್ದರೆ ಬೇರೆ ಕೆಲಸ ಹುಡುಕು, ಇಲ್ಲಾ ಮನೆಗೆ ಬಾ. ನೆಂಟರಿಗೆ ಉತ್ತರ ಕೊಡುವುದು ನನಗೆ ಬಿಡು. ಎತ್ತಿಡುವುದಕ್ಕೂ ಎಸೆಯುವುದಕ್ಕೂ ವ್ಯತ್ಯಾಸ ಗೊತ್ತಾಗಬೇಕು, ಅಷ್ಟೇ.

ಅವನಿಗೂ ನಿನಗೂ ಸರಿಸಮ ಅಂತ ಮಾತ್ರ ನಾನು ಹೇಳುವುದಿಲ್ಲ. ಅವನು ಬಿದ್ದರೆ ಕೆಳಗೆ 30 ಲಕ್ಷ ಡಾಲರಿನ ಹಾಸಿಗೆ ಇದೆ. ನಿನಗೆ ಬಾಡಿಗೆ, ವೀಸಾ, ಎಜುಕೇಶನ್ ಲೋನು. ನೀನು ಜಾಸ್ತಿ ಹೋಲುವುದು ಅವನ ಪಕ್ಕದ ಆಟಗಾರರನ್ನು. 2023ರ ಒಪ್ಪಂದದಲ್ಲಿ ಹೈ-ಎ ಆಟಗಾರರಿಗೆ ವರ್ಷದ ಕನಿಷ್ಠ ಸಂಬಳ 27,300 ಡಾಲರಿನ ಆಸುಪಾಸು ಇತ್ತು. ದೊಡ್ಡ ಬೋನಸ್ ಇಲ್ಲದೆ ಬಂದವರೂ ಅದೇ ಬಸ್ಸಿನಲ್ಲಿ ಗಡಿ ದಾಟಿ ಹೋಗಿ ಆಡಿ ಬರುತ್ತಾರೆ, ಯಾಕೆಂದರೆ ಆ ಲೀಗಿನ ಉಳಿದ ಐದು ತಂಡಗಳೂ ಅಮೆರಿಕದವೇ. ಇನ್ನು ನಮ್ಮ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿನ ರಿಂಕು ಅಲ್ಲ), ದಿನೇಶ್ ಪಟೇಲ್ ಕಥೆ. ಜಾವೆಲಿನ್ ಎಸೆಯುತ್ತಿದ್ದ ಹುಡುಗರು 2008ರಲ್ಲಿ ಒಂದು ಟೀವಿ ಸ್ಪರ್ಧೆಯಿಂದ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡ ಸೇರಿದರು. ಎಷ್ಟು ಬೆವರು ಸುರಿಸಿದರೂ ಇಬ್ಬರೂ ದೊಡ್ಡ ಲೀಗ್ ಮುಟ್ಟಲಿಲ್ಲ. ಕೂತು ಕಲಿತವರೆಲ್ಲ ಮೇಲೆ ಹೋಗುತ್ತಾರೆ ಅಂತ ನಾನು ನಿನಗೆ ಸುಳ್ಳು ಹೇಳಲಾರೆ.

ಅರ್ಜುನನೂ ಈಗ ಮತ್ತೆ ಕಷ್ಟದಲ್ಲಿದ್ದಾನೆ. ಈ ವರ್ಷ ಶುರುವಿನಲ್ಲಿ ಜೋರಾಗಿದ್ದವನು, ನಡು ಬೇಸಿಗೆಯಲ್ಲಿ ಬ್ಯಾಟು ತಣ್ಣಗಾಯಿತು. ಒಂದು ಸಲ ತಿದ್ದಿಕೊಂಡದ್ದು ಹಾಗೇ ಉಳಿಯುವುದಿಲ್ಲ ಅಂತ ಕಾಣುತ್ತದೆ. ನನಗೂ 1994ರಲ್ಲಿ ಇನ್ನೊಂದು ಸಲ ಟ್ಯಾಲಿ ತಪ್ಪಿತ್ತು, ಅದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ನಿಮ್ಮಪ್ಪ ಮಾತ್ರ ಅವನನ್ನು ಬಿಟ್ಟಿಲ್ಲ. ಅಲ್ಲಿ ಸಂಜೆ ಏಳರ ಪಂದ್ಯ ಅಂದರೆ ಇಲ್ಲಿ ಬೆಳಿಗ್ಗೆ ಏಳೂವರೆ. ಕಾಫಿ ಲೋಟ ಹಿಡಿದು ಫೋನಿನಲ್ಲಿ ಸ್ಕೋರು ನೋಡುತ್ತಾ ಕೂರುತ್ತಾರೆ. ಇವತ್ತೂ "ಹಾಲು ನೋಡಿಕೊಳ್ಳಿ" ಅಂತ ಹೇಳಿ ದೇವರ ಮನೆಗೆ ಹೋದೆ. ಹಾಲು ಒಲೆ ತುಂಬಾ ಉಕ್ಕಿದೆ, ಅವರು ಕೂತಲ್ಲೇ ಇದ್ದಾರೆ.

ಚಟ್ನಿಪುಡಿ ಎರಡು ಪೊಟ್ಟಣ ಪಾರ್ಸೆಲ್ ಮಾಡಿದ್ದೇನೆ, ಖಾರ ಕಡಿಮೆ ಇರುವುದಕ್ಕೆ ಹಸಿರು ದಾರ ಕಟ್ಟಿದ್ದೇನೆ. ಗೌರಿ ದಿನ ಬೆಳಿಗ್ಗೆ ಫೋನ್ ಮಾಡು. ನಾನು ಕೇಳಿದ್ದಕ್ಕೆ ಉತ್ತರ ಹುಡುಕಿಕೊಂಡು ಮಾಡು.

ನಿನ್ನ,
ಅಮ್ಮ