ಡೇನಾಳ ಕತೆಯನ್ನು ಕನ್ನಡಕ್ಕೆ ತನ್ನಿ

ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಅಧ್ಯಕ್ಷರಿಗೆ,

ಮಾನ್ಯರೇ, ನಮಸ್ಕಾರ.

ಒಂದು ಪುಸ್ತಕ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ ‘ಕಿಂಡ್ರೆಡ್’ ಕಾದಂಬರಿಯನ್ನು ನಿಮ್ಮ ಪ್ರಾಧಿಕಾರ ಕನ್ನಡದಲ್ಲಿ ತರಬೇಕು.

1976ರ ಜೂನ್. ಕ್ಯಾಲಿಫೋರ್ನಿಯಾದ ಹೊಸ ಮನೆಯಲ್ಲಿ ಡೇನಾ ಎಂಬ ಕಪ್ಪು ಹೆಣ್ಣುಮಗಳು ಪುಸ್ತಕ ಜೋಡಿಸುತ್ತಿದ್ದಾಳೆ. ಅವತ್ತು ಅವಳ 26ನೇ ಹುಟ್ಟುಹಬ್ಬ. ಇದ್ದಕ್ಕಿದ್ದಂತೆ ತಲೆ ಸುತ್ತುತ್ತದೆ. ಕಣ್ಣು ಬಿಟ್ಟರೆ 19ನೇ ಶತಮಾನದ ಮೇರಿಲ್ಯಾಂಡ್, ಕಪ್ಪು ಜನರನ್ನು ದನದಂತೆ ಮಾರುವ ಕಾಲ. ರೂಫಸ್ ಎಂಬ ಬಿಳಿ ಒಡೆಯನ ಮಗನ ಜೀವಕ್ಕೆ ಕುತ್ತು ಬಂದಾಗಲೆಲ್ಲ ಆ ಕಾಲ ಅವಳನ್ನು ಎಳೆದುಕೊಳ್ಳುತ್ತದೆ. ಅವನನ್ನು ಅವಳು ಉಳಿಸಲೇಬೇಕು. ಯಾಕೆಂದರೆ ಅವಳ ವಂಶ ಶುರುವಾಗುವುದೇ ಅವನಿಂದ. ಆಲಿಸ್ ಎಂಬ ಕಪ್ಪು ಹೆಣ್ಣಿನ ಮೇಲೆ ಅವನು ಬಲಾತ್ಕಾರ ಮಾಡಿ ಮಗು ಹುಟ್ಟಿದರೆ ಮಾತ್ರ ಮುಂದೆ ಡೇನಾ ಹುಟ್ಟುತ್ತಾಳೆ. ಕೊನೆಯ ಸಲ ವಾಪಸ್ ಬರುವಾಗ, ರೂಫಸ್ ಹಿಡಿದಿದ್ದ ಜಾಗದಿಂದ ಅವಳ ಎಡಗೈ ಕ್ಯಾಲಿಫೋರ್ನಿಯಾದ ಮನೆಯ ಗೋಡೆಯೊಳಗೇ ಉಳಿದುಬಿಡುತ್ತದೆ.

ಕಾಲ ದಾಟುವುದು ಕಲ್ಪನೆ, ಆದರೆ ಗುಲಾಮರ ಮೈಮೇಲಿನ ಕ್ರೌರ್ಯ ನಿಜವಾಗಿ ನಡೆದದ್ದೇ. 1840ರ ದಶಕದಲ್ಲಿ ಅಲಬಾಮಾದ ಡಾಕ್ಟರ್ ಮೇರಿಯನ್ ಸಿಮ್ಸ್ ಅನಾರ್ಕಾ ಎಂಬ ಗುಲಾಮ ಹುಡುಗಿಗೆ ಅರಿವಳಿಕೆ ಕೊಡದೆ ಸುಮಾರು 30 ಸಲ ಆಪರೇಷನ್ ಮಾಡಿದ. ಒಪ್ಪಿಗೆ ಒಡೆಯನದು, ಮೈ ಅವಳದು.

ಬಟ್ಲರ್ ಅವರ ತಾಯಿ ಮನೆಗೆಲಸ ಮಾಡುತ್ತಿದ್ದರು. ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದರು, ಬೈದರೂ ಎದುರಾಡುತ್ತಿರಲಿಲ್ಲ. ಚಿಕ್ಕ ಮಗಳಿಗೆ ಅದಕ್ಕೇ ಸಿಟ್ಟು. ಆ ತಾಳ್ಮೆಯೇ ತನ್ನ ಹೊಟ್ಟೆ ತುಂಬಿಸಿತ್ತು ಎಂದು ತಿಳಿದದ್ದು ಆಮೇಲೆ. ನಮ್ಮವ್ವನೂ ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದಳು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದೆ. ತಂಗಳು ರೊಟ್ಟಿಯನ್ನು ಮುಟ್ಟಿಸಿಕೊಳ್ಳದೆ ಮೇಲಿನಿಂದ ಹಾಕುತ್ತಿದ್ದರು. ಅವ್ವ ಸುಮ್ನೆ ಸೆರಗೊಡ್ಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿದ್ದದ್ದು ಅವ್ವನ ಮೇಲೆ.

ಡೇನಾ ಹಿಂದಿನ ಕಾಲಕ್ಕೆ ಬಿದ್ದ ಆ 1976ರಲ್ಲೇ ನಮ್ಮಲ್ಲಿ ಜೀತ ರದ್ದತಿ ಕಾಯ್ದೆ ಬಂತು, ಅಲ್ವಾ? ಜೀತದ ಮಾತುಗಳು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇವೆ. ಅನುವಾದ ಮಾಡುವವರು ಬರೀ ನಿಘಂಟು ನೋಡದೆ, ಜೀತ ಮಾಡಿ ಬಿಡುಗಡೆಯಾದವರ ಜೊತೆ ನಾಲ್ಕು ದಿನ ಕೂರಲಿ. ಪುಸ್ತಕದ ಹೆಸರೇ ಕಷ್ಟದ್ದು. ‘ಕಿಂಡ್ರೆಡ್’ ಎಂದರೆ ರಕ್ತಸಂಬಂಧಿಕರು. ‘ಕರುಳಬಳ್ಳಿ’ ಎಂದರೆ ಪ್ರೀತಿ ಜಾಸ್ತಿಯಾಯಿತು. ಒಡೆಯನೂ ಅವನೇ, ಮುತ್ತಜ್ಜನೂ ಅವನೇ ಆದರೆ ಅವನನ್ನು ಏನೆಂದು ಕರೆಯುತ್ತೀರಿ ಎಂದು ಅವರನ್ನೇ ಕೇಳಲಿ.

ಅವ್ವನಿಗೆ ಓದು ಬರುವುದಿಲ್ಲ. ನನಗೆ ತಿಳಿದ ಹಾಗೆ ಕತೆ ಹೇಳಿದೆ. ಕೈ ಗೋಡೆಯಲ್ಲಿ ಉಳಿದದ್ದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಯಾವ ಕೈ?’

‘ಎಡಗೈ ಅವ್ವಾ. ಅವಳು ಕತೆ ಬರೆಯುವವಳು.’

‘ಹಂಗಾದ್ರೆ ಬರೆಯೋ ಕೈ ಉಳೀತು’ ಎಂದಳು.

ಕನ್ನಡದಲ್ಲಿ ಬಂದ ದಿನ ಪೂರ್ತಿ ಓದಿ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಇಂತಿ,
ಒಬ್ಬ ಓದುಗಿ