ಮೂವತ್ತು ಮೀಟರ್ ಸರಿ, ಎಲ್ಲಿಂದ ಅಳೆಯುವುದು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೆರೆಯ ಸುತ್ತ ಎಷ್ಟು ಮೀಟರ್ ಜಾಗವನ್ನು ಕಟ್ಟಡವಿಲ್ಲದೆ ಮೀಸಲು ಬಿಡಬೇಕು ಅನ್ನುವ ಜಗ್ಗಾಟ ಎಷ್ಟೋ ವರ್ಷಗಳಿಂದ ನಡೆದೇ ಇದೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಗರದ ಮಾಸ್ಟರ್ ಪ್ಲಾನ್‌ನಲ್ಲಿದ್ದ 30 ಮೀಟರ್ ಉಳಿಯಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ, ರಾಜ್ಯದ ಕೆರೆ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಮಸೂದೆ ಕೆರೆಯ ಗಾತ್ರ ನೋಡಿ ಮೀಸಲು ಜಾಗ ಗೊತ್ತುಮಾಡಿತು. ಒಂದರಿಂದ ಹತ್ತು ಎಕರೆಯ ಕೆರೆಗೆ 6 ಮೀಟರ್, ಇಪ್ಪತ್ತೈದು ಎಕರೆವರೆಗೆ 12, ನೂರು ಎಕರೆವರೆಗೆ 24, ನೂರು ದಾಟಿದರೆ 30.

ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಕೆಲಸ ಕಲಿತವನು. ಈಗ ನಿವೃತ್ತ. ಈ ಸುದ್ದಿ ಓದಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. ಟೇಪಿನ ಸೊನ್ನೆಯನ್ನು ಎಲ್ಲಿ ಇಡುತ್ತೀರಿ? ಅದನ್ನು ಹೇಳದೆ 75 ಅಂದರೂ ಒಂದೇ, 6 ಅಂದರೂ ಒಂದೇ.

ಏರಿಯ ಕಡೆ ತೊಂದರೆ ಇಲ್ಲ. ಕಲ್ಲು ಕಟ್ಟಿದ ಏರಿ ಕಣ್ಣಿಗೇ ಕಾಣುತ್ತದೆ. ತೊಂದರೆ ಇರುವುದು ಅದರ ಎದುರು ಬದಿಯಲ್ಲಿ, ನೀರು ಒಳಗೆ ಬರುವ ಕಡೆ. ಅಲ್ಲಿ ದಡ ಅನ್ನುವುದೇ ಇಲ್ಲ. ನೆಲ ನಿಧಾನವಾಗಿ ಏರುತ್ತಾ ಹೋಗುತ್ತದೆ. ಒಳ್ಳೆ ಮಳೆಯಾದ ವರ್ಷ ಮೊಣಕಾಲುದ್ದ ನೀರು ನಿಂತ ಜಾಗದಲ್ಲಿ, ಮಳೆ ಕೈಕೊಟ್ಟ ವರ್ಷ ದನ ಮೇಯುತ್ತವೆ. ಎರಡು ವರ್ಷ ಬರ ಬಂದರೆ ಅಲ್ಲಿ ಹುರಳಿ ಬೀಳುತ್ತದೆ. ಆಮೇಲೆ ಒಂದು ಮುಳ್ಳುಬೇಲಿ. ಅದಾದ ಮೇಲೆ ಟಿಪ್ಪರ್ ಮಣ್ಣು. ಮಣ್ಣು ಬಿದ್ದ ಮೇಲೆ ಅದು ಕೆರೆಯಂಗಳ ಎಂದು ನೆನಪಿರುವುದು ಊರಿನ ನಾಲ್ಕು ಹಿರಿಯರಿಗೆ ಮಾತ್ರ.

ಅಳತೆಗೆ ಹೋದಾಗ ನಮಗೆ ಕೊಡುತ್ತಿದ್ದುದು ಗ್ರಾಮ ನಕ್ಷೆ, ಟಿಪ್ಪಣಿ (ಹಳೇ ಅಳತೆಯ ಪುಸ್ತಕ), ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ). ಕೆರೆಯ ಸರ್ವೆ ನಂಬರಿನ ಗಡಿ ಹುಡುಕಿ, ಗಡಿ ತೋರಿಸುವ ಬಾಂದು ಕಲ್ಲು ಎಲ್ಲಿದೆ ನೋಡಿ, ಇಲ್ಲದ ಕಡೆ ನೆಡುತ್ತಿದ್ದೆವು. ಈ ಕೆಲಸ ಬೇಕೇ ಬೇಕು. ಆದರೆ ಸರ್ವೆ ನಂಬರಿನ ಗಡಿ ಬೇರೆ, ನೀರು ನಿಲ್ಲುವ ಗಡಿ ಬೇರೆ. ಎಷ್ಟೋ ಕಡೆ ನೀರು ಸರ್ವೆ ನಂಬರನ್ನು ದಾಟಿ ಪಟ್ಟಾ ಜಮೀನಿನ ಮೇಲೆ ನಿಲ್ಲುತ್ತದೆ. ಕೆಲವು ಕಡೆ ಹೂಳು ತುಂಬಿ ನೀರು ಒಳಗೇ ಉಳಿಯುತ್ತದೆ. ನಕ್ಷೆಯ ಗೆರೆಯಿಂದ 30 ಮೀಟರ್ ಅಳೆದು ಮೀಸಲು ಜಾಗ ಅಂದರೆ, ಒಂದೊಂದು ಕೆರೆಯಲ್ಲಿ ಆ ಮೂವತ್ತು ಮೀಟರೂ ಮಳೆಗಾಲದಲ್ಲಿ ನೀರಿನೊಳಗೇ ಇರುತ್ತದೆ.

ಆ ತೆಳು ನೀರಿನ ಜಾಗ ಯಾಕೆ ಅಷ್ಟು ಮುಖ್ಯ ಅಂತ ಕೆಲವರು ಕೇಳುತ್ತಾರೆ. ಅದನ್ನು ಕೆರೆಯ ವೇಸ್ಟ್ ಜಾಗ ಅಂದವರನ್ನೂ ನೋಡಿದ್ದೇನೆ. ಮೀನು ಮೊಟ್ಟೆಯಿಡಲು ಬರುವುದು ಅಲ್ಲಿಗೆ, ಮುಳುಗಿದ ಹುಲ್ಲಿನ ನಡುವೆ. ಮೆಟ್ಟುಗಾಲು ಹಕ್ಕಿ, ಕೊಕ್ಕರೆ, ಚಮಚದ ಕೊಕ್ಕು, ಇವಕ್ಕೆ ಆಳದ ನೀರಿನಲ್ಲಿ ಕೆಲಸವಿಲ್ಲ. ಕಾಲೂರಿ ನಿಂತು ಕೆಸರಿನಲ್ಲಿ ಹುಡುಕಬೇಕು. ಜೊಂಡು, ಆಪು ಬೆಳೆಯುವುದೂ ಅಲ್ಲೇ. ಮೇಲಿನ ಹೊಲಗಳಿಂದ ಹರಿದು ಬರುವ ಗೊಬ್ಬರದ ಅಂಶವನ್ನು ಆ ಗಿಡಗಳು ಹೀರುತ್ತವೆ. ಅವುಗಳ ಬುಡದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಮಣ್ಣು ಹೊತ್ತು ಬಂದ ನೀರು ಅಲ್ಲಿ ನಿಧಾನವಾಗಿ, ಹೂಳನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಜೋರು ಮಳೆ ಬಂದಾಗ ನೀರಿಗೆ ಹರಡಿಕೊಳ್ಳಲು ಇರುವುದೂ ಆ ಜಾಗವೇ. ಅದನ್ನು ಮುಚ್ಚಿದರೆ ಆ ನೀರು ಎಲ್ಲಿಗೂ ಮಾಯವಾಗುವುದಿಲ್ಲ. ಏರಿಯ ಮೇಲೆ ಒತ್ತುತ್ತದೆ, ಇಲ್ಲವೇ ಯಾರದೋ ಮನೆಗೆ ನುಗ್ಗುತ್ತದೆ.

ಇನ್ನೊಂದು ವಿಷಯ ಇದೆ. ಇದನ್ನು ಕಚೇರಿಯಲ್ಲಿ ಕೂತವರಿಗೆ ತಿಳಿಸುವುದು ಕಷ್ಟ, ಊರಿನವರಿಗೆ ಚೆನ್ನಾಗಿ ಗೊತ್ತು. ಕೆರೆಯ ನೀರು ಎಲ್ಲಿವರೆಗೆ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ. ಕೋಡಿಯ ಹಾಸುಗಲ್ಲು ಎಷ್ಟು ಎತ್ತರಕ್ಕಿದೆಯೋ ನೀರು ಅಷ್ಟಕ್ಕೆ ನಿಲ್ಲುತ್ತದೆ. ಹಿಂಬದಿಯಲ್ಲಿ, ಅಂದರೆ ನೀರು ಒಳಗೆ ಬರುವ ಕಡೆ, ನೂರು ಅಡಿಗೆ ಅರ್ಧ ಅಡಿ ಇಳಿಜಾರು ಇದೆ ಅಂದುಕೊಳ್ಳಿ. ಕೋಡಿಯ ಕಲ್ಲನ್ನು ಒಂದು ಅಡಿ ತಗ್ಗಿಸಿದರೆ ಅಲ್ಲಿ ನೀರು ಇನ್ನೂರು ಅಡಿ ಹಿಂದೆ ಸರಿಯುತ್ತದೆ. ಇನ್ನೂರು ಅಡಿ ಅಗಲದ ಪಟ್ಟಿ, ಕೆರೆಯ ಹಿಂಬದಿಯ ಉದ್ದಕ್ಕೂ! ಎಕರೆಗಟ್ಟಲೆ ನೆಲ ಒಂದೇ ರಾತ್ರಿಯಲ್ಲಿ ಒಣಗುತ್ತದೆ.

ಇದು ಬರೀ ಲೆಕ್ಕವಲ್ಲ. ಒಂದು ಕೆರೆಯ ಅಳತೆಗೆ ಹೋದಾಗ ಹಿಂಬದಿಯಲ್ಲಿ ನೀರಿನ ಹಳೇ ಗುರುತು ಮರದ ಬುಡಗಳಲ್ಲಿ ಕಾಣುತ್ತಿತ್ತು. ಜಾಲಿ ಮರಗಳ ಕಾಂಡದ ಮೇಲೆ ಒಂದೇ ಮಟ್ಟದಲ್ಲಿ ಕೆಸರಿನ ಬಿಳಿಚು ಗೆರೆ. ಆದರೆ ಆ ವರ್ಷ ಕೆರೆ ತುಂಬಿ ಹರಿದಿದ್ದರೂ ನೀರು ಆ ಗೆರೆಯ ಹತ್ತಿರವೂ ಬಂದಿರಲಿಲ್ಲ. ಲೆವೆಲ್ ಯಂತ್ರ ಇಟ್ಟು ನೋಡಿದೆವು. ಕೋಡಿಯ ಕಡೆ ಹೋದರೆ ಹಾಸುಗಲ್ಲಿನ ಮೇಲಿನ ಸಾಲು ಇರಲೇ ಇಲ್ಲ. ಗಾರೆಯ ಗುರುತು ಮಾತ್ರ ಹಸಿಯಾಗಿ ಉಳಿದಿತ್ತು. ಕಲ್ಲು ಕಿತ್ತವರು ಯಾರು ಅಂತ ಯಾರೂ ಹೇಳಲಿಲ್ಲ. ನೀರು ಬಿಟ್ಟುಕೊಟ್ಟ ನೆಲದಲ್ಲಿ ಆಗಲೇ ಸೈಟಿನ ಕಲ್ಲುಗಳು ಸಾಲಾಗಿ ನಿಂತಿದ್ದವು. ಕೆರೆಯ ಸರ್ವೆ ನಂಬರಿಗೆ ಅವು ತಾಗಿರಲಿಲ್ಲ. ಹಾಗಾಗಿ ದಾಖಲೆಯಲ್ಲಿ ಒತ್ತುವರಿ ಸೊನ್ನೆ.

ಈಗ ಕಾನೂನಿನ ಮಾತು. ನೀರು ನಿಲ್ಲುವ ಜೌಗು ಪ್ರದೇಶಗಳ (ವೆಟ್‌ಲ್ಯಾಂಡ್) ಸಂರಕ್ಷಣೆಗೆ ಕೇಂದ್ರ ಸರ್ಕಾರ 2010ರಲ್ಲಿ ನಿಯಮ ತಂದಿತು. 2017ರಲ್ಲಿ ಅದರ ಬದಲು ಹೊಸ ನಿಯಮ ಬಂತು. ಹೊಸ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಅಂಶವಿದೆ. ಪಕ್ಕಾ ಕಟ್ಟಡ ಕೂಡದು ಅಂತ 50 ಮೀಟರ್ ಹೇಳುತ್ತದೆ, ಮತ್ತು ಅದನ್ನು ಎಲ್ಲಿಂದ ಅಳೆಯಬೇಕು ಅಂತಲೂ ಹೇಳುತ್ತದೆ. ಹತ್ತು ವರ್ಷಗಳಲ್ಲಿ ನೀರು ಏರಿದ ಗರಿಷ್ಠ ಮಟ್ಟದ ಸರಾಸರಿಯಿಂದ. ಅಂದರೆ ಸೊನ್ನೆ ಎಲ್ಲಿ ಅಂತ ತೋರಿಸಿದೆ, ಅದೂ ನಕ್ಷೆಯ ಗೆರೆಯಲ್ಲಿ ಅಲ್ಲ, ನೀರಿನ ಗೆರೆಯಲ್ಲಿ.

ಆದರೆ ಅದೇ ನಿಯಮ ನೀರಾವರಿಗೆಂದೇ ಕಟ್ಟಿದ್ದು, ಕುಡಿಯುವ ನೀರಿಗೆಂದೇ ಕಟ್ಟಿದ್ದು ಜೌಗು ಪ್ರದೇಶವಲ್ಲ ಅನ್ನುತ್ತದೆ. ಕರ್ನಾಟಕದಲ್ಲಿ 36 ಸಾವಿರಕ್ಕೂ ಜಾಸ್ತಿ ಕೆರೆಗಳಿವೆ. ಬಹುಪಾಲು ಅಚ್ಚುಕಟ್ಟಿಗೆ (ಕೆರೆಯ ನೀರಿನಿಂದ ಬೆಳೆಯುವ ಜಮೀನಿಗೆ) ನೀರುಣಿಸಲು ನಮ್ಮ ಹಿರಿಯರು ಕಟ್ಟಿದವೇ ಅಲ್ವಾ? ಈ ಒಂದು ಸಾಲಿನಿಂದ ಅವೆಲ್ಲ ಹೊರಗೆ ಬಿದ್ದವು.

ಇದು ತಪ್ಪು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ರಾಮ್ಸಾರ್ ಪಟ್ಟಿಗೆ, ಅಂದರೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ನಮ್ಮ ರಾಜ್ಯದ ಜಾಗಗಳನ್ನೇ ನೋಡಿ. 2022ರಲ್ಲಿ ರಂಗನತಿಟ್ಟು ಸೇರಿತು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಸೇರಿದವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಊರಿನವರ ನೀರಾವರಿ ಕೆರೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ವ್ಯವಸಾಯಕ್ಕೆಂದು ಮಳೆನೀರು ಹಿಡಿಯಲು ಕಟ್ಟಿದ್ದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ರಂಗನತಿಟ್ಟಿನ ನಡುಗಡ್ಡೆಗಳು ಕೂಡ 17ನೇ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದ್ದರಿಂದ ಆದವು. ಮನುಷ್ಯ ಕಟ್ಟಿದ ನೀರು ಅಂತ ಹಕ್ಕಿಗಳು ಬಿಟ್ಟು ಹೋಗಿಲ್ಲ. ಆ ಜಾಗಗಳಿಗೆ ರಾಮ್ಸಾರ್ ಹೆಸರು ಬಂದಿದ್ದರಿಂದ ಈ ನಿಯಮದ ರಕ್ಷಣೆಯೂ ಸಿಕ್ಕಿತು. ಪಕ್ಕದ ಊರಿನ ಹೆಸರಿಲ್ಲದ ಕೆರೆಗೆ?

ಸುಪ್ರೀಂ ಕೋರ್ಟ್ ಸ್ವಲ್ಪ ಆಸರೆ ಕೊಟ್ಟಿದೆ. ಉಪಗ್ರಹ ಚಿತ್ರದಿಂದ ಗುರುತಿಸಿದ, ಎರಡೂಕಾಲು ಹೆಕ್ಟೇರ್‌ಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು 2010ರ ನಿಯಮದ ತತ್ವದಂತೆಯೇ ಕಾಪಾಡಬೇಕು ಅಂತ 2017ರಲ್ಲಿ ಆದೇಶ ಮಾಡಿತು. 2024ರ ಡಿಸೆಂಬರ್‌ನಲ್ಲಿ ಸ್ಥಳಕ್ಕೆ ಹೋಗಿ ತಾಳೆ ನೋಡಿ ಗಡಿ ಗುರುತಿಸಿ ಅಂತ ರಾಜ್ಯಗಳಿಗೆ ಮತ್ತೆ ಹೇಳಿತು. ಆದರೆ ಎರಡೂಕಾಲು ಹೆಕ್ಟೇರ್ ಅಂದರೆ ಸುಮಾರು ಐದೂವರೆ ಎಕರೆ. ನಮ್ಮ ಕಟ್ಟೆ, ಕುಂಟೆ, ಗೋಕಟ್ಟೆಗಳು ಆ ಲೆಕ್ಕಕ್ಕೂ ಸಿಗುವುದಿಲ್ಲ. ಮೇಲಿನ ಸಣ್ಣ ಕಟ್ಟೆ ತುಂಬಿದ ಮೇಲೆ ಕೆಳಗಿನ ದೊಡ್ಡ ಕೆರೆಗೆ ನೀರು. ಸರಪಳಿಯ ಸಣ್ಣ ಕೊಂಡಿ ಮುರಿದರೆ ದೊಡ್ಡ ಕೆರೆಗೂ ಉಳಿಗಾಲವಿಲ್ಲ.

ಇದೇ ಕಾರಣಕ್ಕೆ ಗಾತ್ರ ನೋಡಿ ಮೀಟರ್ ಹಂಚುವುದು ನನಗೆ ಒಪ್ಪಿಗೆ ಇಲ್ಲ. ಸಣ್ಣ ಕೆರೆಗೆ ಒಂದು ಟಿಪ್ಪರ್ ಮಣ್ಣೂ ದೊಡ್ಡ ಪೆಟ್ಟು. ಅದಕ್ಕೆ ಕಾವಲು ಜಾಸ್ತಿ ಬೇಕು, ಕಡಿಮೆ ಅಲ್ಲ. ಇನ್ನೂ ಒಂದು ಅಪಾಯ ಇದೆ. ದಾಖಲೆಯಲ್ಲಿ 26 ಎಕರೆ ಇರುವ ಕೆರೆಯಲ್ಲಿ ಎರಡು ಎಕರೆ ಹೇಗೋ ಕಡಿಮೆಯಾಯಿತು ಅಂದುಕೊಳ್ಳಿ. ಆಗ 24 ಮೀಟರ್ ಇದ್ದ ಮೀಸಲು ಜಾಗ ಒಮ್ಮೆಲೇ 12ಕ್ಕೆ ಇಳಿಯುತ್ತದೆ. ಒತ್ತಿದವನಿಗೆ ಒತ್ತಿದ್ದೂ ಸಿಕ್ಕಿತು, ಪಕ್ಕದ ಜಾಗವೂ ಸಿಕ್ಕಿತು.

ಅಭಿವೃದ್ಧಿ ಹೆಸರಿನ ಕೆಲಸದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಜೆಸಿಬಿ ತಂದು ಸುತ್ತಲೂ ಒಂದೇ ಆಳಕ್ಕೆ ತೋಡುತ್ತಾರೆ. ತೆಗೆದ ಮಣ್ಣಿನಿಂದ ಕೆರೆಯ ಸುತ್ತ ಉಂಗುರದ ಹಾಗೆ ಏರಿ ಹಾಕಿ, ಮೇಲೆ ನಡೆಯುವ ದಾರಿ ಮಾಡುತ್ತಾರೆ. ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ತೆಳು ನೀರಿನ ಜಾಗ ಪೂರ್ತಿ ಹೋಯಿತು. ಸುತ್ತಲಿನ ಹೊಲಗಳಿಂದ ಹರಿದು ಬರುತ್ತಿದ್ದ ನೀರು ಏರಿಯ ಹೊರಗೇ ನಿಂತಿತು. ಎಲ್ಲಕ್ಕಿಂತ ಕೆಟ್ಟದ್ದು, ಆ ಹೊಸ ಏರಿಯೇ ಕೆರೆಯ ಗಡಿಯಾಗಿ ಬಿಟ್ಟಿತು. ಅದರಾಚೆ ಉಳಿದ ಕೆರೆಯ ಜಾಗ ಯಾರದ್ದೂ ಅಲ್ಲದ ಜಾಗವಾಯಿತು. ಹೂಳು ತೆಗೆಯಿರಿ, ಬೇಡ ಅನ್ನುವುದಿಲ್ಲ. ಏರಿಯ ಹತ್ತಿರ ಆಳ ಇರಲಿ, ಹಿಂಬದಿಯ ಇಳಿಜಾರನ್ನು ಮುಟ್ಟಬೇಡಿ.

ರೈತರನ್ನು ಮರೆತು ಈ ಮಾತು ಆಡುತ್ತಿಲ್ಲ. ಪೂರ್ಣ ಮಟ್ಟದ ನೀರಿನ ಕೆಳಗೆ ಪಟ್ಟಾ ಜಮೀನು ಇರುವವರು ಒತ್ತುವರಿದಾರರಲ್ಲ. ಅವರ ಅಜ್ಜಂದಿರ ಕಾಲದಿಂದ ನೀರು ಇಳಿದ ಮೇಲೆ ಬಿತ್ತಿ ಬೆಳೆದಿದ್ದಾರೆ. ಅದು ಮುಂದುವರಿಯಲಿ. ಮಣ್ಣು ತುಂಬಬಾರದು, ಕಟ್ಟಡ ಏಳಬಾರದು, ಅಷ್ಟೇ. ಆ ನಿರ್ಬಂಧವನ್ನು ಪಹಣಿಯಲ್ಲೇ ಬರೆದರೆ ನಾಳೆ ಕೊಳ್ಳುವವನಿಗೂ ಮೊದಲೇ ತಿಳಿಯುತ್ತದೆ. ಬಡತನಕ್ಕೆ ಕೆರೆಯಂಗಳದಲ್ಲಿ ಅರ್ಧ ಎಕರೆ ಹುರಳಿ ಚೆಲ್ಲಿದವನನ್ನೂ, ಲೇಔಟ್ ಮಾಡಲು ನೂರು ಲೋಡ್ ಮಣ್ಣು ಸುರಿದವನನ್ನೂ ಒಂದೇ ನೋಟಿಸಿನಲ್ಲಿ ಸೇರಿಸುವುದು ನ್ಯಾಯವಲ್ಲ. ತೆರವು ಅಂದ ಕೂಡಲೇ ಮೊದಲು ಎಬ್ಬಿಸುವುದು ಹುರಳಿಯವನನ್ನೇ. ಇದು ನಿಲ್ಲಬೇಕು.

ಕೆಲಸ ಶುರುವಾಗಬೇಕಾದ್ದು ತಾಲ್ಲೂಕು ಮಟ್ಟದಲ್ಲಿ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಜಮೀನಿನ ದಾಖಲೆ ಕಂದಾಯ ಇಲಾಖೆಯದು. ಯಾರನ್ನು ಕೇಳಿದರೂ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಆದ್ದರಿಂದ ಮೂವರೂ ಒಂದೇ ದಿನ ಕೆರೆಯ ಮೇಲೆ ಸೇರಬೇಕು. ಮೊದಲು ಕೋಡಿಯ ಹಾಸುಗಲ್ಲಿನ ಮಟ್ಟ ಗುರುತಿಸಿ, ಕೆಡಿಸಿದ್ದರೆ ಹಳೇ ಮಟ್ಟಕ್ಕೆ ತಂದು, ಅದನ್ನು ಪಂಚಾಯಿತಿ ಪುಸ್ತಕದಲ್ಲಿ ಬರೆಯಬೇಕು. ಆ ಮಟ್ಟದಲ್ಲಿ ಸುತ್ತಲೂ ಲೆವೆಲ್ ಹಾಕಿ ಕಲ್ಲು ನೆಡಬೇಕು. ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರಗಳಿವೆ, ನಮ್ಮ ಕಾಲದಷ್ಟು ಕಷ್ಟವಿಲ್ಲ. ಸರ್ವೆ ನಂಬರಿನ ಗಡಿ, ನೀರಿನ ಗಡಿ, ಎರಡರಲ್ಲಿ ಯಾವುದು ಹೊರಗಿದೆಯೋ ಅಲ್ಲಿಂದ ಮೀಟರ್ ಎಣಿಸಬೇಕು. ಕೇಂದ್ರದ ನಿಯಮ ನೀರಾವರಿ ಕೆರೆಯನ್ನು ಬಿಟ್ಟಿದ್ದರೂ, ನಮ್ಮದೇ ಕೆರೆ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಸೇರಿಸಲು ರಾಜ್ಯಕ್ಕೆ ಅಡ್ಡಿ ಏನೂ ಇಲ್ಲ.

ಗ್ರಾಮ ಪಂಚಾಯಿತಿಯ ಕೈಯಲ್ಲಿ ಇನ್ನೊಂದು ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಕೆರೆಯ ಹಿಂಬದಿಯಲ್ಲಿ ಯಾವ ಹಕ್ಕಿ, ಯಾವ ಮೀನು, ಯಾವ ಜೊಂಡು ಅಂತ ಅದರಲ್ಲಿ ಸರ್ವೆ ನಂಬರ್ ಸಮೇತ ಬರೆಯಿರಿ. ನಾಳೆ ಕೋರ್ಟಿನಲ್ಲಿ ಅಲ್ಲಿ ಏನಿತ್ತು ಅಂತ ಕೇಳಿದರೆ ತೋರಿಸಲು ಕಾಗದ ಇರುತ್ತದೆ.

ಕೆರೆ ತುಂಬಿದಾಗ ಬಾಗಿನ ಅರ್ಪಿಸಲು ಶಾಸಕರು, ಅಧಿಕಾರಿಗಳು ಬಂದೇ ಬರುತ್ತಾರೆ. ನನ್ನ ಕೋರಿಕೆ ಇಷ್ಟು. ಅದೇ ದಿನ ತಾಲ್ಲೂಕಿನ ಭೂಮಾಪಕರನ್ನೂ ಕರೆಸಿ. ಕೋಡಿ ಬಿದ್ದ ದಿನ ನೀರು ತಾನೇ ಗೆರೆ ಎಳೆದು ತೋರಿಸುತ್ತದೆ, ಆ ಗೆರೆಯ ಮೇಲೆ ಗೂಟ ಹೊಡೆಯುತ್ತಾ ಹೋದರೆ ಸಾಕು. ಭೂಮಾಪಕರು ಬರದಿದ್ದರೆ ಊರಿನ ಹುಡುಗರೇ ನೀರಿನ ಅಂಚಿನಲ್ಲಿ ನಡೆದು, ಮೊಬೈಲ್‌ನಲ್ಲಿ ಜಾಗದ ಗುರುತು ಸಮೇತ ಫೋಟೊ ತೆಗೆಯಲಿ. ಅದನ್ನು ಅರ್ಜಿಯ ಜೊತೆ ಇಟ್ಟು ಪಿಡಿಒ ಮತ್ತು ತಹಶೀಲ್ದಾರರಿಗೆ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಲಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಭೂಮಾಪಕ