ಬ್ಯಾಂಕಿನ ಚರಿತ್ರೆ ಬರೆಯಲು ಹೊರಟವನಿಗೆ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕೆಲಸ ಮಾಡುವ ಸಣ್ಣ ಬ್ಯಾಂಕಿನ ಚರಿತ್ರೆಯನ್ನು ನಿನ್ನ ಕೈಲೇ ಬರೆಸುತ್ತಾರಂತೆ. ಸಂತೋಷ. ಆದರೆ ಸ್ಥಾಪಕರ ಫೋಟೊ, ಕಟ್ಟಡದ ಉದ್ಘಾಟನೆ, ಶಾಖೆಗಳ ಪಟ್ಟಿ, ಇಷ್ಟಕ್ಕೇ ಮುಗಿಸಬೇಡ. ಅಂಥ ಪುಸ್ತಕಗಳನ್ನು ಹಂಚಿದವರೂ ಓದುವುದಿಲ್ಲ. ಜನ ತಮ್ಮ ದುಡ್ಡನ್ನು ಯಾರನ್ನು ನಂಬಿ ಕೊಟ್ಟರು, ಆ ದುಡ್ಡು ಇಟ್ಟುಕೊಂಡವರ ಮೇಲೆ ಕಣ್ಣಿಟ್ಟವರು ಯಾರು, ಅದನ್ನು ಹುಡುಕು.

ಸ್ಕಾಟ್ಲೆಂಡಿನ ರುತ್‌ವೆಲ್ ಎಂಬ ಹಳ್ಳಿಯ ಕಥೆ ಕೇಳು. ಅಲ್ಲಿನ ಪಾದ್ರಿ ಹೆನ್ರಿ ಡಂಕನ್ 1810ರಲ್ಲಿ ಒಂದು ಉಳಿತಾಯ ಬ್ಯಾಂಕ್ ತೆರೆದರು. ಪಾದ್ರಿ ಆಗುವ ಮೊದಲು ಲಿವರ್‌ಪೂಲಿನಲ್ಲಿ ಬ್ಯಾಂಕ್ ನೌಕರಿ ಮಾಡಿದ್ದವರು. ಆಗ ಬಡ್ಡಿ ಬರುವ ಖಾತೆ ತೆರೆಯಲು ದೊಡ್ಡ ಬ್ಯಾಂಕುಗಳು 10 ಪೌಂಡ್ ಕೇಳುತ್ತಿದ್ದವು. ಕೂಲಿಯವನ ಹತ್ತಿರ ಅಷ್ಟೆಲ್ಲಿಂದ ಬರಬೇಕು? ಡಂಕನ್ ಆರು ಪೆನ್ಸ್ ಕೊಟ್ಟರೂ ತೆಗೆದುಕೊಂಡರು. ಚಿಲ್ಲರೆಯನ್ನೆಲ್ಲ ಸೇರಿಸಿ ದೊಡ್ಡ ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಸಿಗುತ್ತದೆ ಅನ್ನುವ ಲೆಕ್ಕ. ಮೊದಲ ವರ್ಷ ಕೂಡಿದ್ದು 151 ಪೌಂಡ್. (ಒಡೆದು ಬಿದ್ದಿದ್ದ ಪುರಾತನ ಕಲ್ಲಿನ ಶಿಲುಬೆಯೊಂದನ್ನು ಜೋಡಿಸಿ ನಿಲ್ಲಿಸಿದ್ದೂ ಇದೇ ಮನುಷ್ಯ. ಸುಮ್ನೆ ಕೂರುವ ಜಾತಿ ಅಲ್ಲ.)

ನನಗೆ ಆ 151 ಪೌಂಡಿಗಿಂತ ಅವರ ಹಣದ ಪೆಟ್ಟಿಗೆ ಮುಖ್ಯ. ಅದಕ್ಕೆ ಮೂರು ಬೀಗ. ಪಾದ್ರಿಯೇ ಆಗಲಿ, ಒಬ್ಬನೇ ಬಂದರೆ ತೆರೆಯುವ ಹಾಗಿಲ್ಲ. ನಿಮ್ಮ ಬ್ಯಾಂಕಿನಲ್ಲಿ ಕೀಲಿ ಯಾರ್ಯಾರ ಹತ್ತಿರ ಇತ್ತು? ಹಳಬರನ್ನು ಕೇಳು.

ಸಾಲದ ಕಥೆ ಇನ್ನೂ ಸೂಕ್ಷ್ಮ. ಜರ್ಮನಿಯ ಹೆಡ್ಡೆಸ್‌ಡಾರ್ಫ್ ಎಂಬ ಊರಲ್ಲಿ ರೈಫೈಸನ್ ಎನ್ನುವವರು 1864ರಲ್ಲಿ ಕಟ್ಟಿದ ಸಾಲ ಸಂಘದಲ್ಲಿ ನಷ್ಟವಾದರೆ ಸದಸ್ಯರೆಲ್ಲರೂ ಹೊಣೆ. ಹಾಗಾಗಿ ಪಕ್ಕದವನು ಸಾಲದ ದುಡ್ಡಲ್ಲಿ ಹಸು ತಂದನೋ ಹೆಂಡ ಕುಡಿದನೋ ಎಂದು ಊರೇ ನೋಡುತ್ತಿತ್ತು. ಸಣ್ಣ ಬ್ಯಾಂಕಿನ ಬಲ ಇದೇ: ಸಾಲ ಕೇಳುವವನ ಮುಖ ಗೊತ್ತು. ಅದರ ರೋಗವೂ ಇದೇ. ನಿರ್ದೇಶಕರ ಅಳಿಯ ಅರ್ಜಿ ಹಾಕಿದಾಗ ಇಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ, ಹೇಳು? ಹಳೆಯ ನಡಾವಳಿ ಪುಸ್ತಕಗಳಲ್ಲಿ ತಿರಸ್ಕರಿಸಿದ ಅರ್ಜಿಗಳನ್ನು ಮೊದಲು ನೋಡು. ಮಂಜೂರಾದವುಗಳಿಗಿಂತ ಅವು ಜಾಸ್ತಿ ಮಾತಾಡುತ್ತವೆ. ಸುಸ್ತಿ ಸಾಲದ ಪುಟ, ಆಡಿಟರ ಟಿಪ್ಪಣಿ ಬಿಡಬೇಡ. ಮುಜುಗರ ಆಗುತ್ತೆ ಅಂತ ಯಾರಾದರೂ ಅಂದರೆ ಸಾಲಗಾರರ ಹೆಸರು ಬಿಟ್ಟು ಬರೆ. ಘಟನೆ ಬಿಡಬೇಡ.

ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಗುವ ಮಾತು ನಿಮ್ಮಲ್ಲೂ ಬಂದು ಹೋಗಿರಬಹುದು. ಡಂಕನ್ ಹಾಕಿದ ದಾರಿಯಲ್ಲಿ ಬೆಳೆದ ಉಳಿತಾಯ ಬ್ಯಾಂಕುಗಳು ಒಂದರೊಳಗೊಂದು ಸೇರಿ ಟಿಎಸ್‌ಬಿ (ಟ್ರಸ್ಟೀ ಸೇವಿಂಗ್ಸ್ ಬ್ಯಾಂಕ್) ಆದವು. 1995ರಲ್ಲಿ ಅದು ಲಾಯ್ಡ್ಸ್ ಎಂಬ ಬ್ರಿಟನ್ನಿನ ದೊಡ್ಡ ಬ್ಯಾಂಕಿನ ಜೊತೆ ಸೇರಿತು. ಇದನ್ನು ಸೋಲು ಅಂತ ಅಳುತ್ತಾ ಬರೆಯುವವರಿದ್ದಾರೆ. ನಾನು ಹಾಗೆ ಹೇಳಲ್ಲ. ನಿಮ್ಮವರು ಬೇಡ ಅಂದಿದ್ದರೆ ಅದು ಹಟಕ್ಕೋ ಲೆಕ್ಕ ಹಾಕಿಯೋ, ಅಷ್ಟು ತಿಳಿದುಕೋ.

ಕರಡನ್ನು ಅಧ್ಯಕ್ಷರಿಗೆ ತೋರಿಸುವ ಮೊದಲು ನಿವೃತ್ತ ಕ್ಯಾಷಿಯರ್ ಒಬ್ಬರಿಗೆ ಓದಲು ಕೊಡು. ಆಮೇಲೆ ನನಗೂ ಒಂದು ಪ್ರತಿ ಕಳಿಸು.

ನಿನ್ನ ದೊಡ್ಡಪ್ಪ